ಚಿಂಗಿಯ ನೇಮ

"ಅಳಗ್ಯಾಡಬ್ಯಾಡ ಬೇ, ಇನ್ನೊಂದ ಗಂಟು ಅಷ್ಟ" ಎಂದಳು ತ್ರಿಶಲಾ.

ಅಲುಗಾಡದೆ ಇರಲು ಅದೇನು ಗೊಂಬೆಯೇ? ಬೆಕ್ಕಿನ ಮರಿ ಅದು. ನಾಲ್ಕೂ ಕಾಲಿನಿಂದ ತಳ್ಳಿತು, ಅವಳ ಮುಂಗೈ ಪರಚಿತು. ತ್ರಿಶಲಾ ಬಿಡಬೇಕಲ್ಲ! ಕೊನೆಗೂ ಮರಿಯ ಕೊರಳಿಗೆ ಕೆಂಪು ದಾರ ಬಿತ್ತು. ದಾರದಲ್ಲೊಂದು ಗೆಜ್ಜೆ.

ಮರಿ ಸಿಕ್ಕಿದ್ದು ಹಿಂದಿನ ದಿನ, ಕರೋಶಿಯ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಯ ಕೆಳಗೆ. ತಾಯಿ ಬೆಕ್ಕಿನ ಸುಳಿವಿರಲಿಲ್ಲ. ತ್ರಿಶಲಾ ಅದನ್ನು ಸ್ವೆಟರ್‌ನಲ್ಲಿ ಸುತ್ತಿಕೊಂಡು ಬಂದು, ಚಿಂಗಿ ಎಂದು ಹೆಸರೂ ಇಟ್ಟಿದ್ದಳು. ಆದರೆ ಹೊಸ್ತಿಲಲ್ಲೇ ನಿಂತಿದ್ದಳು ಆಯಿ, ಅವಳ ಅಜ್ಜಿ ರಾಜಮತಿ.

"ನೋಡವಾ, ನಮ್ಮದು ಜೈನರ ಮನಿ. ಇರುವಿಗೂ ದಾರಿ ಬಿಟ್ಟು ನಡ್ಯಾವ್ರು ನಾವು. ಇದು ಒಂದು ಇಲಿ ಹಿಡದ್ರೂ ಅವತ್ತ ಹೊರಗ."

"ಹಿಡ್ಯೂದಿಲ್ಲ ಆಯಿ. ಇದಕ್ಕ ನಾ ನೇಮ ಕೊಡ್ತೇನಿ" ಎಂದಿದ್ದಳು ತ್ರಿಶಲಾ.

ನೇಮ ಅಂದರೆ ಅವಳಿಗೆ ಗೊತ್ತು. ದೊಡ್ಡವರು ಬಸದಿಯಲ್ಲಿ ಮುನಿ ಮಹಾರಾಜರ ಮುಂದೆ ಕೈಮುಗಿದು, ಇಂಥದ್ದು ತಿನ್ನುವುದಿಲ್ಲ ಅಂತ ನೇಮ ಹಿಡಿಯುತ್ತಾರೆ. ಚಿಂಗಿಗೆ ಕೈಮುಗಿಯಲು ಬರುವುದಿಲ್ಲವಲ್ಲ, ಅದಕ್ಕೇ ಅದರ ಬದಲು ತಾನೇ ಮುಗಿದಳು. ಇಲಿ ಬೇಡ, ಗುಬ್ಬಿ ಬೇಡ, ಹೊತ್ತು ಮುಳುಗಿದ ಮೇಲೆ ಏನೂ ಬೇಡ. ಗೆಜ್ಜೆ ಕಟ್ಟಿದ್ದೂ ಅದಕ್ಕೇ. ಸಪ್ಪಳ ಕೇಳಿ ಇಲಿಗಳು ಓಡಿಹೋಗಲಿ ಅಂತ.

ನೇಮವೇನೋ ಚೆನ್ನಾಗಿ ನಡೆಯಿತು. ಬೆಳಗ್ಗೆ ಹಾಲು-ರೊಟ್ಟಿ, ಸಂಜೆ ಹೊತ್ತಿರುವಾಗಲೇ ಮೊಸರು-ಅನ್ನ. ಆಯಿಗೂ ಹೆಮ್ಮೆಯೋ ಹೆಮ್ಮೆ. "ಹ್ವಾದ ಜನ್ಮದಾಗ ಶ್ರಾವಕಿ ಇತ್ತ ಕಾಣಸ್ತೈತಿ" ಎಂದು ಬಂದವರ ಮುಂದೆಲ್ಲ ಹೇಳುವಳು.

ಆದರೆ ಬೇಸಿಗೆ ಬರುವಷ್ಟರಲ್ಲಿ ಚಿಂಗಿ ಸೊರಗಿತು. ಕೂದಲು ಉದುರಿ ಬೆನ್ನೆಲುಬು ಕಾಣತೊಡಗಿತು. ಗೆಜ್ಜೆಯ ಸಪ್ಪಳವೂ ನಿಂತಂತಾಯಿತು. ಎದ್ದು ಓಡಾಡಿದರೆ ತಾನೇ ಸಪ್ಪಳ?

ಪಕ್ಕದ ಮನೆಯ ಉಜ್ವಲಾ ತ್ರಿಶಲಾಳ ಕ್ಲಾಸಿನವಳೇ. ಅವಳು ಚಿಂಗಿಯನ್ನು ಎತ್ತಿ ನೋಡಿದಳು.

"ಹತ್ತಿ ಇದ್ದಂಗ ಹಗರ ಆಗೇತಲ್ಲ! ನಮ್ಮ ಬೆಕ್ಕು ನೋಡು, ತತ್ತಿ ತಿಂತೈತಿ, ಮೀನಾ ತಿಂತೈತಿ…"

"ಥೂ, ನನ್ನ ಮುಂದ ಹೇಳಬ್ಯಾಡ."

"ನಿನಗ್ಯಾರ ತಿನ್ನ ಅಂದ್ರು? ಬೆಕ್ಕಿನ ಮಾತ ಹೇಳಾಕತ್ತೇನಿ."

ಇಬ್ಬರೂ ಚಿಂಗಿಯನ್ನು ಸ್ಕೂಲ್ ಬ್ಯಾಗಿನಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದರು. ಡಾಕ್ಟರ್ ಅದರ ಕಣ್ಣು ಬಿಡಿಸಿ ನೋಡಿದರು.

"ಏನ ಹಾಕ್ತಿ ಇದಕ್ಕ?"

"ಹಾಲು, ರೊಟ್ಟಿ, ಅನ್ನ ರೀ."

"ಮತ್ತ?"

"ಮತ್ತೇನಿಲ್ರಿ. ನಮ್ಮದು ಜೈನರ ಮನಿ."

"ಮನಿ ನಿಮ್ಮದು ಖರೆ, ಹೊಟ್ಟಿ ಬೆಕ್ಕಿಂದು ಹೌದಿಲ್ಲ?" ಎಂದರು ಡಾಕ್ಟರ್ ಮೆಲ್ಲಗೆ. "ಇಷ್ಟ ತಿಂದು ಅದು ಬದುಕೂದಿಲ್ಲ ಪುಟ್ಟಿ, ತತ್ತಿ, ಮೀನಾ ಬೇಕ. ಮೊದಲ ಕಣ್ಣ ಹೋಗ್ತಾವ, ಆಮ್ಯಾಲ ಜೀವ."

ತ್ರಿಶಲಾ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಚಿಂಗಿ ಮನೆಯಿಂದ ಹೊರಗೆ. ಹೇಳದಿದ್ದರೆ ಚಿಂಗಿಯೇ ಇರುವುದಿಲ್ಲ. ಹೋಂವರ್ಕ್ ಪುಸ್ತಕ ತೆರೆದಿಟ್ಟುಕೊಂಡು ಒಂದಕ್ಷರ ಬರೆಯದೆ ಕೂತಳು.

ಮರುದಿನ ಚತುರ್ದಶಿ. ಆಯಿಗೆ ಉಪವಾಸ.

"ಆಯಿ, ನಾನೂ ಉಪವಾಸ ಮಾಡ್ತೇನಿ" ಎಂದಳು ತ್ರಿಶಲಾ. ಅದರಿಂದ ಚಿಂಗಿ ಗುಣವಾದೀತು ಎಂದು ಅವಳ ಆಸೆ.

ಆಯಿ ಜಪಮಣಿ ಹಿಡಿದ ಕೈಯಿಂದಲೇ ಅವಳ ತಲೆ ಸವರಿದಳು. "ಬ್ಯಾಡ ನನ್ನವ್ವ. ಬೆಳ್ಯೂ ಮೈ ನಿಂದು, ತಡಕೊಳ್ಳೂದಿಲ್ಲ. ನಾ ಆದ್ರ ನನ್ನ ಮನಸಿಗೆ ಬಂದು ಹಿಡದೇನಿ. ನಿನ್ನನ್ನ ಉಪವಾಸ ಇಟ್ರ ನನಗ ಪಾಪ ಬರ್ತೈತಿ."

ತ್ರಿಶಲಾ ಮೂಲೆಯತ್ತ ನೋಡಿದಳು. ಗೋಣಿಚೀಲದ ಮೇಲೆ ಚಿಂಗಿ ಮುದುಡಿ ಮಲಗಿತ್ತು. ಬಟ್ಟಲಿನ ಹಾಲು ಹಾಗೇ ಇತ್ತು.

"ಆಯಿ… ಚಿಂಗೀನೂ ನೇಮ ಕೇಳಿರ್ಲಿಲ್ಲ. ನಾನ ಕೊಟ್ಟೇನಿ."

ಅಷ್ಟು ಹೇಳಿದ್ದೇ ತಡ, ಅಳು ಒತ್ತರಿಸಿ ಬಂತು. ಅಳುತ್ತಲೇ ಡಾಕ್ಟರ್ ಅಂದದ್ದನ್ನೆಲ್ಲ ಹೇಳಿದಳು. ಆಯಿಯ ಜಪಮಣಿ ನಿಂತಿತು.

"ನಮ್ಮ ಮನ್ಯಾಗ ಅದನ್ನೆಲ್ಲಾ ಹಾಕಾಕ ಬರೂದಿಲ್ಲ, ತ್ರಿಶಲಾ."

"ಗೊತ್ತೈತಿ."

"ಉಜ್ವಲಾನ ಮನ್ಯಾಗ ಇಟಗೋತಾರನು? ಕೇಳಿ ಬಾ."

ತ್ರಿಶಲಾ ಚಿಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಅವಳೇ ಹಾಕಿದ ಗಂಟು, ಈಗ ಬಿಚ್ಚಲು ಬರಲೊಲ್ಲದು. ಆಯಿ ಕತ್ತರಿ ತಂದುಕೊಟ್ಟಳು. ದಾರದ ಕೆಳಗೆ ಕೂದಲು ಸವೆದು ಚರ್ಮ ಕಾಣುತ್ತಿತ್ತು.

ಮಳೆಗಾಲದ ಹೊತ್ತಿಗೆ ಅಲ್ಲಿ ಮತ್ತೆ ಕೂದಲು ಬಂತು. ಉಜ್ವಲಾಳ ಮನೆಯಲ್ಲಿ ಚಿಂಗಿ ದುಂಡಗಾಯಿತು.

ಒಂದು ಸಂಜೆ ಊಟ ಮುಗಿಸಿ ತ್ರಿಶಲಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಹೊತ್ತು ಮುಳುಗಿತ್ತು. ಒಂದಿಷ್ಟೂ ಸಪ್ಪಳವಿಲ್ಲದೆ ಗೋಡೆ ಹಾರಿ ಚಿಂಗಿ ಬಂತು. ಮೀಸೆ ನೆಕ್ಕಿಕೊಳ್ಳುತ್ತಿತ್ತು.

ಏನು ತಿಂದು ಬಂದೆ ಎಂದು ತ್ರಿಶಲಾ ಕೇಳಲಿಲ್ಲ. ಒಳಗೆ ಬಾ ಎಂದೂ ಕರೆಯಲಿಲ್ಲ. ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಅದಕ್ಕೆ ಜಾಗ ಮಾಡಿಕೊಟ್ಟಳು.