ಭಾಗಣ್ಣ ಕೊಡದ ಪೇಢೆ

ಪೈ ಚಾರ್ಟಿನ ವೃತ್ತವನ್ನು ಎಷ್ಟು ಹೋಳು ಮಾಡಿದರೂ ಹೋಳುಗಳ ಮೊತ್ತ ನೂರಕ್ಕೆ ನೂರೇ ಆಗಬೇಕು. ಸೂರ್ಯ ಚಂದ್ರರಿರುವ ತನಕ ಇದರಲ್ಲಿ ರಾಜಿಯಿಲ್ಲ. ಆದರೆ ಹೋದ ವರ್ಷದ ಒಂದು ಶನಿವಾರ, ಕಲಬುರಗಿ ಜಿಲ್ಲೆಯ ಚಂದಾಪುರದ ಸಭಾಂಗಣವೊಂದರಲ್ಲಿ, ತುಂಬಿದ ಸಭೆಯೆದುರು ಅದು ನೂರಾ ಮೂರು ಆಯಿತು. ಭೂಮಿ ಬಾಯ್ದೆರೆಯಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ, ಅಷ್ಟೇ.

"ಮೇಡಂ, ಒಂದ್ ಮಾತು ರಿ... ನಿಮ್ಮ ಚಿತ್ರದಾಗ ಮೂರು ಪರ್ಸೆಂಟ್ ಮಂದಿ ಹೆಚ್ಚಿಗಿ ಬಂದಾರ. ಎಲ್ಲಿಂದ ಬಂದ್ರು ಅವರು?"

ಸಭೆ ಗೊಳ್ಳೆಂದಿತು.

ವೇದಿಕೆಯ ಮೇಲೆ ಸಮೀಕ್ಷೆಯೊಂದರ ಫಲಿತಾಂಶ ತೋರಿಸುತ್ತಿದ್ದ ಜಯಮಾಲಾಳ ಕಿವಿಗಳು ಬಿಸಿಯಾದವು. ಪರದೆಯತ್ತ ತಿರುಗಿ ಮನಸ್ಸಿನಲ್ಲೇ ಕೂಡಿದಳು. ಅಯ್ಯೋ... ನೂರಾ ಮೂರು!

"ನಿಮ್ಮ ಹೆಸರೇನ್ರಿ?"

"ಭಾಗಣ್ಣ ರಿ. ಐನಾಪುರ."

"ಭಾಗಾಕಾರ ಬರ್ತದಂತ ಹೆಸರೇ ಹೇಳ್ತದ. ಕೂಡಸಲಿಕ್ಕೂ ಬರ್ತದಂತ ಈಗ ಗೊತ್ತಾಯ್ತು. ಇನ್ನ ಕುಂದ್ರಿ."

ಈ ಸಲ ನಕ್ಕವರಲ್ಲಿ ಅವನೂ ಇದ್ದ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

'ಎಂಥ ಸೊಕ್ಕು! ಆದರೂ... ಇಷ್ಟು ಜನರಲ್ಲಿ ಅವನೊಬ್ಬನೇ ಕೂಡಿ ನೋಡಿದನಲ್ಲ?'

ಶಹಾಬಾದದ ಜಯಮಾಲಾ ಕಲಬುರಗಿಯ ಔಷಧ ವಿತರಕರ ಕಚೇರಿಯಲ್ಲಿ ದತ್ತಾಂಶ ವಿಶ್ಲೇಷಕಿ. ಯಾವ ಔಷಧ ಎಲ್ಲಿ ಖರ್ಚಾಗುತ್ತದೆ, ಯಾವುದು ಗೋದಾಮಿನಲ್ಲಿ ಧೂಳು ತಿನ್ನುತ್ತದೆ ಎಂದು ಅಂಕಿಗಳಿಂದ ಹೇಳುವುದು ಅವಳ ಕೆಲಸ. ಅದೇ ಕೆಲಸ ಹಿಡಿಯಬಯಸುವವರಿಗಾಗಿ ಅವಳು 'ಹಸನ' ಎಂಬ ನ್ಯೂಸ್‌ಲೆಟರ್ ನಡೆಸುತ್ತಿದ್ದಳು. ಪ್ರತಿ ಸೋಮವಾರ ಬೆಳಿಗ್ಗೆ ಮೇಲ್‌ಗೆ ಬರುತ್ತಿತ್ತು, ಅಚ್ಚ ಕನ್ನಡದಲ್ಲಿ. ತೊಗರಿಯನ್ನು ಮೊರದಲ್ಲಿ ಹಸನ ಮಾಡದೆ ಒಲೆಗೇರಿಸಬಾರದು, ಅಂಕಿಗಳೂ ಹಾಗೆಯೇ ಎಂಬುದು ಅದರ ಮೊದಲ ಪಾಠ.

ಅದಕ್ಕೊಂದು ವಿಚಿತ್ರ ನಿಯಮವಿತ್ತು. ಅವ್ವ ಅಂಬುಬಾಯಿಯ ಹೊಲಿಗೆ ಕ್ಲಾಸಿನಿಂದ ಎತ್ತಿಕೊಂಡದ್ದು. ಅಲ್ಲಿ ಯಾರಿಗಾದರೂ ಸ್ವಂತ ಮಿಷನ್ ಬಂದರೆ ಅಂಬುಬಾಯಿ ಹೇಳುತ್ತಿದ್ದಳು: "ಪೇಢೆ ಕೊಡು, ಎದ್ದೇಳು. ಮತ್ತೊಬ್ಬಾಕಿ ಕುಂದರಲಿ!"

'ಹಸನ'ದಲ್ಲೂ ಅಷ್ಟೇ. ಕೆಲಸ ಸಿಕ್ಕವರು ಅದು ಹೇಗೆ ಸಿಕ್ಕಿತೆಂದು ಒಂದು 'ಪೇಢೆ ಪತ್ರ' ಬರೆದು ಪಟ್ಟಿಯಿಂದ ಹೆಸರು ತೆಗೆದುಕೊಳ್ಳಬೇಕು. ಮೇಲ್‌ನಲ್ಲಿ ಕೂರುವ ಜಾಗಕ್ಕೇನೂ ಕೊರತೆಯಿರಲಿಲ್ಲ. ನಿಯಮ ಮಾತ್ರ ಬದಲಾಗಲಿಲ್ಲ. ಓದುಗರು ಬಿಟ್ಟುಹೋದರೆ ಬೇರೆ ನ್ಯೂಸ್‌ಲೆಟರ್‌ಗಳು ಅಳುತ್ತವೆ, ಇದು ಪೇಢೆ ಹಂಚುತ್ತಿತ್ತು. ಹೋಗುವವರು ತಂಗಿಯನ್ನು, ಗೆಳೆಯನನ್ನು, ಎದುರು ಮನೆಯವರನ್ನು ಸೇರಿಸಿ ಹೋಗುತ್ತಿದ್ದರು. ಹೀಗೆ ಜನ ಬಿಟ್ಟಷ್ಟೂ ಅದು ಬೆಳೆದು, ಓದುಗರು ಹನ್ನೆರಡು ಸಾವಿರ ದಾಟಿದರು.

ಚಂದಾಪುರದ ಅವಮಾನದ ನಂತರದ ಸೋಮವಾರ ಅವಳು ತಪ್ಪನ್ನು ಮೇಲ್ಗಡೆಯೇ ಹಾಕಿದಳು: ಕೆಲವರು ಸಮೀಕ್ಷೆಯಲ್ಲಿ ಎರಡೆರಡು ಉತ್ತರ ಕೊಟ್ಟಿದ್ದರು, ನಾನು ನೋಡಲಿಲ್ಲ, ಹಿಡಿದವರು ಐನಾಪುರದ ಭಾಗಣ್ಣ.

ಅವನೂ ಪಟ್ಟಿಯಲ್ಲಿದ್ದ, ಕೆಲಸ ಹುಡುಕುತ್ತಿದ್ದ ಓದುಗ. ಮಧ್ಯಾಹ್ನ ಅವನ ಉತ್ತರ ಬಂತು. "ತಪ್ಪು ಒಪ್ಪಿಕೊಂಡಿದ್ದು ಚಲೋ ಆಯ್ತ್ರಿ. ಈ ಸಲದ ಎರಡನೇ ಕೋಷ್ಟಕ ಒಮ್ಮಿ ನೋಡ್ರಿ..."

ಅಂದಿನಿಂದ ಪ್ರತಿ ಸೋಮವಾರ ಅವನ ತಕರಾರು ಬರತೊಡಗಿತು. ಅದು ತಡವಾದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಮೇಲ್ ಹೋಗಿ ಫೋನ್ ಬಂತು. ಕೋಷ್ಟಕದಿಂದ ಶುರುವಾದ ಮಾತು ಅವನ ಊರಿನ ತೊಗರಿ, ಅವಳ ಊರಿನ ಕಾಗಿಣಾ ಹೊಳೆ ಎಂದೆಲ್ಲ ಸುತ್ತಿ ಬರುತ್ತಿತ್ತು.

"ನೌಕ್ರಿ ಎಲ್ಲಿಗಿ ಬಂತ್ರಿ?" ಎಂದು ಅವಳು ಕೇಳುವಳು.

"ನಡದದ್ರಿ ಮೇಡಂ," ಎಂದು ಅವನು ಮಾತು ತೇಲಿಸುವನು.

'ಈಗಲೇ ಮನಸ್ಸು ಬಿಚ್ಚಿದರೆ ಕನಿಕರ ಅಂದುಕೊಂಡಾನು. ಅವನ ಪೇಢೆ ಬರಲಿ... ಅವತ್ತೇ ಹೇಳಿಬಿಡುತ್ತೇನೆ!'

ಪೇಢೆ ಬರಲಿಲ್ಲ.

"ಹನ್ನೆರಡು ಸಾವಿರ ಮಂದಿಗಿ ಬುದ್ಧಿ ಹೇಳ್ತಿ," ಎಂದಳು ಅಂಬುಬಾಯಿ, ದಾರ ಕಡಿಯುತ್ತ. "ಅವನೊಬ್ಬಗ ದಾರಿ ತೋರ್ಸಲಿಕ್ಕಿ ಆಗಲಿಲ್ಲ ನೋಡು!"

ಆ ಮಾತು ಸೂಜಿಗಿಂತ ಚೂಪಾಗಿತ್ತು.

ಅಂಥ ಹೊತ್ತಿನಲ್ಲಿ ಒಂದು ಸಂಜೆ ವಾಡಿಯ ಅಮೀರ್ಬೀ ಮನೆಗೇ ಬಂದಳು. ಎರಡು ವರ್ಷ ಒಂದೂ ಸಂಚಿಕೆ ಬಿಡದೆ ಓದಿದ ಹುಡುಗಿ. ಕೈಯಲ್ಲಿ ಪೇಢೆ ಡಬ್ಬಿ.

"ಆಪಾ, ಮೊದಲು ಬಾಯಿ ತೆಗೀರಿ! ಸೇಡಂನಾಗ ನೌಕ್ರಿ ಸಿಕ್ತು. ಕೋಡ್ಲಾದ ಸಿಮೆಂಟ್ ಲಾರಿ ಓಡಸ್ತಾರಲ್ಲ, ಆ ಆಫೀಸಿನಾಗ!"

ಜಯಮಾಲಾ ಅವಳನ್ನು ಅಪ್ಪಿಕೊಂಡಳು. ಎದೆ ಹಿಗ್ಗಿತ್ತು. "ಇಂಟರ್ವ್ಯೂದಾಗ ಭಾಳ ಕಾಡಿದ್ರೇನ?"

"ಕಾಡಲಾರದ ಬಿಡ್ತಾರ? ನಾ ವೃತ್ತ ತೋರಿಸಿದ್ರ, ಮೊದಲು ಮೊತ್ತ ಹೇಳ್ರಿ ಅಂದ್ರು. ನಮ್ಮ ಭಾಗಣ್ಣ ಸರ್!"

"...ಯಾರು?"

"ಐನಾಪುರದೋರ್ರಿ. ದೀಪಾವಳಿಗಿಂತ ಮೊದಲೇ ಅಲ್ಲಿ ಸೇರ್ಯಾರಂತ. ನಿಮಗ ಗೊತ್ತಿಲ್ಲೇನ್ರಿ?"

ಜಯಮಾಲಾ ಪೇಢೆ ಡಬ್ಬಿಯ ಮುಚ್ಚಳ ಹಾಕಿದಳು. ದೀಪಾವಳಿ ಹೋಗಿ ಯುಗಾದಿಯೂ ಮುಗಿದಿತ್ತು!

'ನನ್ನ ಬರಹ ಓದಿ ಕಲಿತೆ ಎನ್ನಲು ಅಷ್ಟು ನಾಚಿಕೆಯೆ ಇವನಿಗೆ? ಇವನಿಗಾಗಿ ನಾನು... ಛೆ!'

ಅಮೀರ್ಬೀ ಹೋದೊಡನೆ ಫೋನ್ ಹಚ್ಚಿದಳು. "ನಾಳಿ ವಾಡಿ ಸ್ಟೇಷನ್ನಿಗಿ ಬರ್ರಿ."

"ಯಾಕ್ರಿ ಮೇಡಂ?"

"ಲೆಕ್ಕ ತಪ್ಪ್ಯಾದ."

ಭಾನುವಾರ ಅವಳು ಶಹಾಬಾದದಿಂದ ಬಂದಳು, ಅವನು ಸೇಡಂನಿಂದ. ಗಾಡಿ ಬದಲಿಸುವವರ ಗದ್ದಲದ ನಡುವೆ ಒಂದು ಬೆಂಚು ಖಾಲಿಯಿತ್ತು. ಇಬ್ಬರೂ ಕೂರಲಿಲ್ಲ.

"ನೌಕ್ರಿ ಸಿಕ್ಕಿದ್ದು ಖರೆ ಏನ್ರಿ?"

ಅವನ ಮುಖ ಬಾಡಿತು. "ಖರೇರಿ."

"ಮತ್ತ ಪೇಢೆ? ನನ್ನ ಹೆಸರು ಹೇಳಲಿಕ್ಕಿ ನಾಚಿಕಿ ಬಂತೇನು?"

"ನಾಚಿಕಿ? ಹೊಸದಾಗಿ ಬಂದೋರಿಗೆಲ್ಲ ನಿಮ್ಮ ಹಳೇ ಸಂಚಿಕೆನೇ ಪಾಠ ಮಾಡೀನ್ರಿ ಅಲ್ಲಿ! ಹಸನ ಮಾಡಲಾರದ ಲೆಕ್ಕ ನಮ್ಮ ಆಫೀಸಿನಾಗ ಯಾರೂ ಮುಟ್ಟಂಗಿಲ್ಲ. ಅಮೀರ್ಬೀಗ ಕೇಳ್ರಿ."

ಅವಳ ಸಿಟ್ಟಿನ ಬುಡ ಅಲ್ಲಾಡಿತು. ಅಂದರೆ... ತಾನು ನೋಡದ ಊರಲ್ಲಿ, ತಾನು ಕಾಣದ ಮೇಜುಗಳ ಮೇಲೆ, ತನ್ನ ಪಾಠ ನಡೆಯುತ್ತಿತ್ತು!

"ಹಂಗಾರ ಯಾಕ ಮುಚ್ಚಿಟ್ರಿ?" ದನಿ ಮೆತ್ತಗಾಗಿತ್ತು.

"ಪೇಢೆ ಕೊಟ್ರ ಪಟ್ಟಿ ಬಿಡಬೇಕಲ್ರಿ, ನಿಮ್ಮದೇ ನಿಯಮ." ಅವನು ಹಳಿಗಳತ್ತ ನೋಡಿದ. "ಆಮ್ಯಾಲ ಸೋಮವಾರ ನಾ ಯಾರ ಸಂಗಡ ಜಗಳಾಡ್ಲಿ?"

ಜಯಮಾಲಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ನಾ ಆ ಪೇಢೆ ಹಾದಿನೇ ಕಾಯಲಿಕತ್ತಿದ್ದೆ... ಅವತ್ತೇ ಹೇಳಬೇಕಂತ."

"ಏನು?"

"ಕೂಡಿಸಿ ನೋಡ್ರಿ. ಬರ್ತದಲ್ಲ ನಿಮಗ?"

ಅವನು ಕೂಡಿಸಿ ನೋಡಿದ. ಮುಖ ಕಿವಿಯ ತನಕ ಕೆಂಪಾಯಿತು. ಲೆಕ್ಕಕ್ಕೆ ಅವನು ಇಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು.

"ಅಂದ್ರ ನಾನು ಕೊಡಲಾರದ, ನೀವು ಹೇಳಲಾರದ..."

"ಹೂಂ. ಜಿಲ್ಲಾಕ್ಕೆಲ್ಲ ಲೆಕ್ಕ ಕಲಿಸೋ ಇಬ್ಬರು ಶಾಣ್ಯಾರು!"

ಅವನು ಚೀಲದಿಂದ ಡಬ್ಬಿ ತೆಗೆದ. ಸೇಡಂ ಬಜಾರದ ಪೇಢೆ, ಪೂರಾ ಒಂದು ಕಿಲೋ.

"ಫೋನಿನಾಗ ನಿಮ್ಮ ದನಿ ಕೇಳಿದಾಗೇ ಗೊತ್ತಾಯ್ತ್ರಿ, ಇನ್ನ ಮುಚ್ಚಿಡಲಿಕ್ಕಿ ಆಗಂಗಿಲ್ಲಂತ. ಆದ್ರ... ಪಟ್ಟಿಯಿಂದ ತೆಗೆದ್ರ, ಆಮ್ಯಾಲ ನನ್ನ ಎಲ್ಲಿ ಇಡ್ತೀರಿ ಮೇಡಂ?"

"ಮೊದಲು ಆ ಮೇಡಂ ಬಿಡ್ರಿ."

"ನೀವು ಆ 'ರಿ' ಬಿಟ್ರ ಬಿಡ್ತೀನಿ."

ಅವಳು ಒಂದು ಪೇಢೆ ಮುರಿದು ಅರ್ಧ ಅವನ ಕೈಗಿಟ್ಟಳು. "ಶಹಾಬಾದ ಗಾಡಿ ಬರಲಿಕತ್ತದ. ಎಲ್ಲಿ ಇಡಬೇಕಂತ ಅವ್ವಗೇ ಕೇಳೋಣ. ನಡಿ... ಭಾಗಣ್ಣ."

"ನಡಿ, ಜಯಾ."

ಅಂಬುಬಾಯಿ ಡಬ್ಬಿಯನ್ನೂ ಹುಡುಗನನ್ನೂ ಮೇಲಿಂದ ಕೆಳಗೆ ನೋಡಿ, ಖಾಲಿ ಮಿಷನ್ನಿನ ಮುಂದಿನ ಸ್ಟೂಲು ತೋರಿಸಿದಳು. "ಕುಂದ್ರಪಾ. ಇಲ್ಲಿಂದ ನಿನಗ ಯಾರೂ ಎಬ್ಬಸಂಗಿಲ್ಲ."

ಮರುದಿನ ಸೋಮವಾರ 'ಹಸನ'ದಲ್ಲಿ ಭಾಗಣ್ಣನ ಪೇಢೆ ಪತ್ರ ಪ್ರಕಟವಾಯಿತು. ಮಧ್ಯಾಹ್ನ ಅವನು ಪಟ್ಟಿಯಿಂದ ತನ್ನ ಹೆಸರು ತೆಗೆದ.