ಕಂಪನಿಯವನಿಗೆ ಕೊಟ್ಟ ಚಿಚಾ

"ಸೆನೂರ್, ಬೇಡ!"

ಅಮ್ಮ ಹೇಳುವಷ್ಟರಲ್ಲಿ ಚಿಚಾ ತುಂಬಿದ ಬೋಗುಣಿ ಮಗಳ ಕೈಯಿಂದ ಇಂಜಿನಿಯರನ ಕೈ ಸೇರಿತ್ತು.

ಊರ ಕೊಳದ ಪಕ್ಕ ಬಾವಿ ಕೊರೆಯಲು ಒಪ್ಪಿಗೆ ಕೇಳಿ ಬಂದಿದ್ದ ಎಣ್ಣೆ ಕಂಪನಿಯ ಆ ಇಂಜಿನಿಯರ್ ಆಗಿನಿಂದ ಸೂರಿನಡಿ ನಿಂತೇ ಇದ್ದ. ಮನೆಯ ಹೆಂಗಸರು ಮರಗೆಣಸಿನ ಹುಳಿ ಪಾನೀಯವಾದ ಚಿಚಾ ಕೊಡದೆ ಈ ಕಾಡಿನಲ್ಲಿ ಯಾರೂ ಬಂದವರ ಜೊತೆ ಮಾತು ಶುರುಮಾಡುವುದಿಲ್ಲ. ಅದಕ್ಕೇ ಊರವರೆಲ್ಲ ಸೇರಿ ತೀರ್ಮಾನಿಸಿದ್ದರು: ಕಂಪನಿಯವರಿಗೆ ಒಂದು ತೊಟ್ಟೂ ಇಲ್ಲ. ನಿಂತು ನಿಂತು ಸಾಕಾಗಿ ತಮ್ಮ ಪುಟ್ಟ ವಿಮಾನ ಹತ್ತಲಿ. ಹೋದ ಸಲ ಹಾಗೇ ಹೋಗಿದ್ದರು ಕೂಡ.

ಸೆನೂರ್‌ಗೆ ಇದೆಲ್ಲ ಗೊತ್ತಿತ್ತು. ಆದರೂ ಬೆವರು ಸುರಿಸುತ್ತ ನಿಂತವನನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ಅಮ್ಮ ಮಾತ್ರ ನೆಲ ನೋಡುತ್ತ ಸುಮ್ಮನೆ ಕೂತಿದ್ದಳು. ಅಬ್ಬಾ, ಎಂಥಾ ಕಲ್ಲು ಮನಸ್ಸು! ಸಾಲದ್ದಕ್ಕೆ, ಅವತ್ತಿನ ಚಿಚಾ ಸೆನೂರ್ ತಾನೇ ಮರಗೆಣಸು ಬೇಯಿಸಿ, ಕುಟ್ಟಿ, ಜಗಿದು ಹುಳಿ ಬರಿಸಿದ್ದು. ಮೊದಲನೇ ಸಲ. ಯಾರಾದರೂ ಭೇಷ್ ಅನ್ನಲಿ ಅಂತ ಆಸೆ ಬೇರೆ.

"ನೀನೇ ಮಾಡಿದ್ದಾ ಪುಟ್ಟಿ? ಕೊಡು, ರುಚಿ ನೋಡ್ತೀನಿ" ಅಂದ ಇಂಜಿನಿಯರ್. ಅಷ್ಟೇ ಸಾಕಾಯಿತು.

ಅವನು ಕುಡಿಯಲೂ ಇಲ್ಲ. ಬೋಗುಣಿಯನ್ನು ತುಟಿಗೆ ತಾಗಿಸಿ, ಜೊತೆಯವನ ಫೋನಿನ ಕಡೆ ತಿರುಗಿ ಹಲ್ಲು ಕಿರಿದ.

ಮುಂದಿನ ವಾರ ಆ ಫೋಟೋ ಶಾಲೆಯ ಮೇಷ್ಟ್ರ ಫೋನಿಗೇ ಬಂತು. ಜೊತೆಗೆ ಕಂಪನಿಯವರ ಮಾತು: ಊರಿನವರು ನಮ್ಮನ್ನು ಪ್ರೀತಿಯಿಂದ ಬರಮಾಡಿಕೊಂಡರು, ಕೊಳದ ಪಕ್ಕ ಎಣ್ಣೆ ಬಾವಿ ಕೊರೆಯಲು ಅವರ ಅಡ್ಡಿಯಿಲ್ಲ.

"ದಾರಿ ಬಿಡ್ರೋ, ಕಂಪನಿ ಸೊಸೆ ಬಂದ್ಲು!" ಚಿಕ್ಕಪ್ಪನ ಮಗ ತಾಯಿಶ್ ಕೂಗಿದ. "ಇನ್ಮೇಲೆ ಕೊಳದಲ್ಲಿ ಮೀನಿಲ್ಲ, ಬರೀ ಎಣ್ಣೆ. ಥ್ಯಾಂಕ್ಸ್ ಕಣೇ!"

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಸೆನೂರ್‌ಗೆ.

"ಅಮ್ಮಾ, ಬೈದುಬಿಡು ನನ್ನ" ಎಂದು ಮನೆಗೆ ಬಂದು ಅತ್ತಳು.

"ಬೈದ್ರೆ ಫೋಟೋ ಅಳಿಸಿಹೋಗುತ್ತಾ? ಅವ್ರು ಮತ್ತೆ ಬರ್ತಾರಂತೆ. ಚಿಚಾ ನೀನೇ ಹಂಚು."

"ನಾನಾ?"

"ಕೊಟ್ಟೋಳು ನೀನಲ್ವಾ?"

ಇಂಜಿನಿಯರ್ ಬಂದಾಗ ಇಡೀ ಊರು ಅಲ್ಲಿತ್ತು. "ಏನಮ್ಮಾ ಪುಟ್ಟಿ, ಚೆನ್ನಾಗಿದ್ದೀಯಾ?" ಎನ್ನುತ್ತ ಅವನು ಎರಡೂ ಕೈ ಚಾಚಿದ.

ಸೆನೂರ್ ಬೋಗುಣಿಯನ್ನು ಅಜ್ಜನಿಗೆ ಕೊಟ್ಟಳು. ಮತ್ತೆ ತುಂಬಿಸಿ ಅಪ್ಪನಿಗೆ. ಆಮೇಲೆ ಅತ್ತೆಯರಿಗೆ, ಮೇಷ್ಟ್ರಿಗೆ. ಆ ತಾಯಿಶನಿಗೂ ಕೊಟ್ಟಳು. ಚಾಚಿದ ಕೈಗಳ ಮುಂದೆಯೇ ಹಾದುಹೋದಳು, ನಿಲ್ಲಲಿಲ್ಲ. ಈ ಸಲ ಫೋಟೋ ತೆಗೆದವರು ಮೇಷ್ಟ್ರು.

ಇಂಜಿನಿಯರ್ ಒಣಗಿದ ತುಟಿ ಸವರಿಕೊಂಡು ಕೈ ಕೆಳಗಿಳಿಸಿದ.

ಖುಷಿಯಾಗುತ್ತದೆ ಅಂದುಕೊಂಡಿದ್ದಳು ಸೆನೂರ್. ಎಲ್ಲಿಯ ಖುಷಿ! ಬಾಯಾರಿದವನಿಗೆ ಇಲ್ಲವೆಂದ ನಾಚಿಕೆಗೆ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಬಂದು ಅಮ್ಮನ ಪಕ್ಕ ಕೂತಳು.

ಅಮ್ಮನೂ ನೆಲವನ್ನೇ ನೋಡುತ್ತಿದ್ದಳು. ಅವಳ ಕಿವಿಗಳೂ ಕೆಂಪಾಗಿದ್ದವು.

ಅವತ್ತೂ ಅಮ್ಮ ಹೀಗೇ ಕೂತಿದ್ದಳಲ್ಲ.

ಸೆನೂರ್ ಅಮ್ಮನಿಗೆ ಇನ್ನಷ್ಟು ಒತ್ತಿಕೊಂಡು ಕೂತಳು.