ಮೇಲಿಂಗ್ ಆಂಟಿಯ ಹಬ್ಬದ ಮೀನು

"ಹೆಡ್ ಆಫ್?" ಎಂದು ಕೇಳುತ್ತಲೇ ಆತ ಕತ್ತಿ ಎತ್ತಿದ್ದ.

"ಅಯ್ಯೋ ಬೇಡ… ನೋ, ಪ್ಲೀಸ್!"

ಗಾಬರಿಯಲ್ಲಿ ಸಂಹಿತಾಳ ಬಾಯಿಗೆ ಕನ್ನಡವೇ ಮೊದಲು ಬಂತು. ತಲೆ, ಬಾಲ ಎರಡೂ ಇರಲೇಬೇಕೆಂದು ಕೈಸನ್ನೆಯಲ್ಲಿ ತೋರಿಸಿದಳು. ಮೀನಿನವನು ಭುಜ ಕುಣಿಸಿ ಕತ್ತಿ ಕೆಳಗಿಟ್ಟ.

ಚೀನೀ ಹೊಸ ವರ್ಷದ ಹಿಂದಿನ ದಿನ. ಹ್ಯೂಸ್ಟನ್ನಿನ ಆ ಚೀನೀ ಸೂಪರ್ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತುಮಕೂರಿನ ಸಸ್ಯಾಹಾರಿ ಮನೆಯಲ್ಲಿ ಬೆಳೆದ ಸಂಹಿತಾ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಮೀನು ಮುಟ್ಟಿದವಳಲ್ಲ. ವಾಸನೆಗೆ ಮೂಗು ಮುಚ್ಚಿಕೊಂಡಿದ್ದಳು. ಆದರೂ ನಿಂತಿದ್ದಳು.

"ನೀನು… ಇಲ್ಲೇನು ಮಾಡ್ತಿದೀಯ?"

ಬೆನ್ನ ಹಿಂದಿನ ಆ ದನಿ ಗುರುತಿನದೇ. ತಿರುಗಿದಳು. ಶಮಂತ್. ಒಂದು ವರ್ಷದ ನಂತರ. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು. ಕೈಯಲ್ಲಿ ಹಬ್ಬದ ಸಾಮಾನಿನ ಬುಟ್ಟಿ ಇತ್ತು.

"ನಿಮ್ಮಮ್ಮ ಫೋನ್ ಮಾಡಿದ್ರು," ಎಂದಳು. "ಈ ಸಲ ಮೀನು ಮಾಡೋಕೆ ಅವರ ಕೈಲಾಗಲ್ಲ, ಬಂದು ನೀನೇ ಮಾಡು ಅಂದ್ರು. ಬೆಳಿಗ್ಗೆನೇ ಆಸ್ಟಿನ್‌ನಿಂದ ಹೊರಟೆ."

"ಅಮ್ಮ ಎಲ್ಲಾ ಹೇಳಿದ್ರಾ?"

"ಹೇಳಿದ್ರು."

ಅವನಮ್ಮನಿಗೆ ಲಿವರ್ ಕ್ಯಾನ್ಸರ್. ಟ್ರೀಟ್‌ಮೆಂಟ್ ನಿಲ್ಲಿಸಿ ಮೂರು ವಾರ. ಈ ಹಬ್ಬ ದಾಟಿದರೆ ಹೆಚ್ಚು.

"ನೀನು ಯಾಕೆ ಹೇಳ್ಲಿಲ್ಲ ಶಮಂತ್?"

"ಕನಿಕರಕ್ಕೆ ಬರೋದು ಬೇಡ ಅನ್ನಿಸ್ತು," ಎಂದು ಅವನು ಮೀನಿನ ಚೀಲ ಕೈಗೆತ್ತಿಕೊಂಡು ಮುಂದೆ ನಡೆದ.

ಶಮಂತನ ತಂದೆ ಬದರೀನಾಥ ಮೈಸೂರಿನ ಡಾಕ್ಟರು. ತಾಯಿ ಮೇಲಿಂಗ್ ತೈವಾನಿನವರು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಅತ್ತೆಯಿಂದ ಮೈಸೂರು ಕನ್ನಡ ಕಲಿತು, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ತಮ್ಮ ಮನೆಯಲ್ಲಿ ಬಿಸಿಬೇಳೆಭಾತನ್ನೂ ಹಬೆಯಲ್ಲಿ ಬೆಂದ ಮೀನನ್ನೂ ಒಂದೇ ಶ್ರದ್ಧೆಯಿಂದ ಮಾಡಿದವರು.

ಹೋದ ವರ್ಷ ಇದೇ ಹಬ್ಬದೂಟಕ್ಕೆ, ಶಮಂತ್ ಪ್ರೀತಿಸಿದ ಹುಡುಗಿಯಾಗಿ ಸಂಹಿತಾ ಮೊದಲ ಬಾರಿ ಆ ಮನೆಗೆ ಬಂದಿದ್ದಳು. ಮೇಲಿಂಗ್ ಮೀನಿನ ತಲೆ ಅವಳ ಕಡೆಗಿರುವಂತೆ ತಟ್ಟೆ ಇಟ್ಟಿದ್ದರು. ಅದು ಅತಿಥಿಗೆ ಸಲ್ಲುವ ಮರ್ಯಾದೆಯೆಂದು ಅವಳಿಗೇನು ಗೊತ್ತು? ನೋಡಲಾಗದೆ ತಟ್ಟೆಯನ್ನು ಆಚೆ ತಿರುಗಿಸಿಬಿಟ್ಟಳು. ನೆಂಟರ ಮಾತು ನಿಂತುಹೋಯಿತು.

"ಅಮ್ಮನ್ನ ಎಲ್ಲರೆದುರು ಅವಮಾನ ಮಾಡಿದೆ," ಎಂದು ಕಾರಿನಲ್ಲಿ ಶಮಂತ್ ಸಿಡುಕಿದ. ಅವಳಿಗೂ ರೋಷ ಬಂತು. "ಹಾಗಾದ್ರೆ ಇನ್ಮೇಲೆ ಆ ಟೇಬಲ್‌ಗೆ ನಾನು ಬರೋದೇ ಇಲ್ಲ" ಎಂದಳು. ಮಾತು ಬೆಳೆಯಿತು. ಅವಳು ಆಸ್ಟಿನ್ನಿಗೆ ಶಿಫ್ಟ್ ಆದಳು. ಇಬ್ಬರೂ ಫೋನ್ ಮಾಡಲಿಲ್ಲ.

ಈಗ ಅದೇ ಮನೆಯ ಅಡುಗೆಮನೆ. ಮೇಲಿಂಗ್ ಗಾಲಿಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಹಿಡಿಯಷ್ಟೇ ಆಗಿದ್ದರು. ಸಂಹಿತಾ ಕಣ್ಣೊರೆಸಿಕೊಂಡಳು.

"ಅಳೋದು ಆಮೇಲೆ ಕಣೇ. ಮೊದಲು ಮೀನು ತೊಳಿ," ಎಂದರು. "ನೀನು ತಿನ್ನೋದು ಬೇಡ. ನಿಂಗೆ ತೋಫು ಮಾಡ್ಸಿದೀನಿ. ಮಾಡ್ಕೊಡು ಅಷ್ಟೇ."

ಸಂಹಿತಾ ತಣ್ಣಗಿನ ಆ ಮೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಕಣ್ಣು ಮುಚ್ಚಿ ತೊಳೆದಳು. ಮೇಲಿಂಗ್ ಹೇಳಿದಂತೆ ಎರಡೂ ಬದಿಗೆ ಗೀರು ಹಾಕಿ, ಶುಂಠಿ ತುಂಬಿ ತಟ್ಟೆಯಲ್ಲಿ ಮಲಗಿಸಿದಳು. ಆದರೆ ತಟ್ಟೆಯನ್ನು ಹಬೆಪಾತ್ರೆಗೆ ಇಟ್ಟರೆ ಬಾಲ ಹೊರಗೇ ಉಳಿಯಿತು. ಮುಚ್ಚಳ ಕೂರಲಿಲ್ಲ.

"ಬಾಲ ಒಂಚೂರು ಕತ್ತರಿಸಿದ್ರೆ?" ಎಂದರು ಬದರೀನಾಥ ಮೆಲ್ಲಗೆ.

"ಕೂಡದು," ಎಂದರು ಮೇಲಿಂಗ್. "ತಲೆ ಅಂದ್ರೆ ವರ್ಷದ ಮೊದಲು, ಬಾಲ ಅಂದ್ರೆ ವರ್ಷದ ಕೊನೆ. ನಿಮಗೆಲ್ಲ ಇಡೀ ವರ್ಷ ಬೇಕು."

'ನಿಮಗೆಲ್ಲ' ಎಂದಿದ್ದರು. ನಮಗೆ ಎಂದಿರಲಿಲ್ಲ. ಬದರೀನಾಥ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು.

ಶಮಂತ್ ಓವನ್‌ನ ದೊಡ್ಡ ಟ್ರೇ ತಂದು ಎರಡು ಒಲೆಗಳ ಮೇಲೆ ಅಡ್ಡಲಾಗಿಟ್ಟು ನೀರು ಸುರಿದ. ಒಳಗೆ ಜಾಲರಿ ಇಟ್ಟು ಮೀನನ್ನು ಮಲಗಿಸಿದರು. ಮುಚ್ಚಳದ ಬದಲು ಅವನು ಅಲ್ಯೂಮಿನಿಯಂ ಫಾಯಿಲ್ ಹಿಡಿದ, ಅವಳು ಅಂಚು ಮಡಚಿದಳು. ಕೈಗೆ ಕೈ ತಾಗಿತು. ಇಬ್ಬರೂ ಸರಕ್ಕನೆ ಹಿಂತೆಗೆದುಕೊಂಡರು.

ಹಬೆ ಏಳತೊಡಗಿದ ಹೊತ್ತಿಗೇ ಮೇಲಿಂಗ್ ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದರು. ಬದರೀನಾಥ ಓಡಿಬಂದು ನಾಲಿಗೆಯ ಕೆಳಗೆ ನೋವಿನ ಔಷಧಿಯ ಹನಿ ಹಾಕಿ, ರೂಮಿಗೆ ಕರೆದೊಯ್ದು ಮಲಗಿಸಿದರು. ನಿದ್ದೆಗೆ ಜಾರುವ ಮುನ್ನ ಮೇಲಿಂಗ್ ಹೇಳಿದ್ದು ಒಂದೇ ಮಾತು.

"ಮೀನು… ನೋಡ್ಕೋ."

ಶಮಂತ್ ದಾಪುಗಾಲಿಟ್ಟು ಬಂದು ಒಲೆ ಆರಿಸಿಬಿಟ್ಟ.

"ಸಾಕು. ಊಟ ಬೇಡ, ಹಬ್ಬ ಬೇಡ. ಅಮ್ಮ ಅಲ್ಲಿ ಸಾಯ್ತಿದಾರೆ, ನಾವಿಲ್ಲಿ ಮೀನು ಬೇಯಿಸ್ತಿದೀವಿ."

ಸಂಹಿತಾ ಮತ್ತೆ ಒಲೆ ಹಚ್ಚಿದಳು.

"ಆರಿಸು ಅಂದೆ!"

"ಆರಿಸಲ್ಲ. ನಿಂಗೆ ಬೇಡ, ನಂಗಂತೂ ಮೊದಲಿಂದಾನೂ ಬೇಡ. ಅವರಿಗೆ ಬೇಕು."

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಹೆಗಲು ಅಲುಗತೊಡಗಿತು. ಅವಳೂ ಪಕ್ಕದಲ್ಲಿ ಕೂತಳು.

"ಅವತ್ತು ನಂಗೆ ಗೊತ್ತಿರ್ಲಿಲ್ಲ ಶಮಂತ್," ಎಂದಳು. "ಮೀನಿನ ಮುಖ ನೋಡೋಕಾಗ್ಲಿಲ್ಲ ಅಷ್ಟೇ. ಅವರಿಗೆ ನೋವು ಮಾಡ್ಬೇಕು ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಆಮೇಲೆ ನಾಚಿಕೆ ಆಯ್ತು. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?"

"ಗೊತ್ತು."

"ಗೊತ್ತಾ?"

"ಅಮ್ಮ ಅವತ್ತೇ ಹೇಳಿದ್ರು. ಆ ಹುಡುಗಿಗೆ ಮೊದಲೇ ಹೇಳಿಕೊಡದೇ ಇದ್ದದ್ದು ನಿನ್ ತಪ್ಪು ಅಂತ. ನಾನೇ ಒಪ್ಪಲಿಲ್ಲ." ಅಂಗೈಯಿಂದ ಮುಖ ಒರೆಸಿಕೊಂಡ. "ಎರಡು ಸಲ ಆಸ್ಟಿನ್‌ಗೆ ಡ್ರೈವ್ ಮಾಡ್ಕೊಂಡು ಬಂದೆ. ನಿನ್ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕೂತು ಕೂತು ವಾಪಸ್ ಬಂದೆ."

"ಮೇಲೆ ಬಂದಿದ್ರೆ ಏನಾಗ್ತಿತ್ತು?"

"ಬಾಗಿಲು ತೆಗೀದೇ ಇದ್ರೆ ಅಂತ ಭಯ."

"ಹುಚ್ಚ… ದಿನಾ ಕಾಯ್ತಿದ್ದೆ ಕಣೋ," ಎನ್ನುವಷ್ಟರಲ್ಲಿ ಅವಳ ದನಿ ಒಡೆಯಿತು.

ಟೈಮರ್ ಕೂಗಿತು. ಫಾಯಿಲ್ ತೆಗೆದರೆ ಮೀನಿನ ಕಣ್ಣು ಬೆಳ್ಳಗಾಗಿತ್ತು. ಬೆಂದಿದೆ ಎಂದು ಅದರ ಅರ್ಥ. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನು ಉದ್ದನೆಯ ತಟ್ಟೆಗೆ ಜಾರಿಸಿದರು. ಚರ್ಮ ಹರಿಯಲಿಲ್ಲ. ಸೋಯಾ ಸಾಸ್ ಹಾಕಿ, ಈರುಳ್ಳಿ ಸೊಪ್ಪು, ಶುಂಠಿ ಹರಡಿ, ಸಂಹಿತಾ ಕಾದ ಎಣ್ಣೆ ಸುರಿದಳು. ಸಣ್ಣಗೆ ಚುರ್ರೆಂದಿತು. ಘಮ ಮನೆಯೆಲ್ಲ ಹರಡಿತು.

ರೂಮಿನಿಂದ ಕ್ಷೀಣವಾದ ದನಿಯೊಂದು ಬಂತು.

"ಎಣ್ಣೆ ಇನ್ನೂ ಕಾಯಬೇಕಿತ್ತು ಕಣೇ…"

ಬದರೀನಾಥರಿಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಊಟದ ಟೇಬಲನ್ನೇ ಮೇಲಿಂಗರ ಹಾಸಿಗೆಯ ಬಳಿಗೆ ತಂದರು. ಶಮಂತ್ ಮೀನಿನ ಕೆನ್ನೆಭಾಗದ ಮೆತ್ತನೆಯ ಚೂರು ಬಿಡಿಸಿ ತಾಯಿಯ ಬಾಯಿಗಿಟ್ಟ. ಅವರು ಬಹಳ ಹೊತ್ತು ನಾಲಿಗೆಯ ಮೇಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಎರಡನೆಯ ತುತ್ತು ಹೋಗಲಿಲ್ಲ.

ಅಪ್ಪ ಮಗ ಅರ್ಧ ತಿಂದಿದ್ದರು. ಶಮಂತ್ ಮತ್ತೆ ಕೈ ಹಾಕುವಾಗ ಮೇಲಿಂಗ್ ತಡೆದರು.

"ಖಾಲಿ ಮಾಡ್ಬಾರ್ದು. ನಮ್ಮ ಭಾಷೇಲಿ ಮೀನಿಗೆ 'ಯೂ' ಅಂತೀವಿ. ಮಿಗೋದಕ್ಕೂ 'ಯೂ' ಅಂತೀವಿ. ಇವತ್ತು ಮಿಕ್ಕಿದ್ದು ನಾಳೆಗೆ ಇರ್ಬೇಕು." ಸಂಹಿತಾಳ ಕೈಯನ್ನು ಮಗನ ಕೈಮೇಲಿಟ್ಟು, ದಣಿದು ತಲೆ ವಾಲಿಸಿದರು. "ಇಬ್ಬರೂ ಜೋಪಾನ…"

ನಿದ್ದೆ ಬಂತು. ಉಸಿರಾಡುತ್ತಿದ್ದಾರೆಯೇ ಎಂದು ಮೂವರೂ ಒಮ್ಮೆ ನೋಡಿದರು. ಉಸಿರಾಟ ನಡೆದಿತ್ತು.

ಶಮಂತ್ ಹಿಡಿದ ಕೈ ಬಿಡಲಿಲ್ಲ.

"ಸಂಹಿತಾ… ನಾಳೆ ಇರ್ತೀಯಾ?"

"ಇರ್ತೀನಿ."

"ನಾಳಿದ್ದು?"

"ಇರ್ತೀನಿ."

"ಅಮ್ಮ ಇಲ್ಲದಿರೋ ದಿನ?"

ಅವಳು ಅವನ ಹೆಗಲಿಗೆ ಹಣೆಯಿಟ್ಟಳು.

"ಅವತ್ತೂ ಇರ್ತೀನಿ ಕಣೋ. ಇನ್ನು ನನ್ನನ್ನ ಕೇಳ್ಬೇಡ."